ಸಾಲು ಸರಿದ ದಿನ

ಮದ್ದೂರಿನ ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲೇ ಇರುವ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ರಿಪೋರ್ಟ್ ಟೈಪ್ ಮಾಡುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಲ್ಯಾಬು ಎಂದರೆ ಎರಡು ಕೋಣೆ. ಒಳಗಿನದರಲ್ಲಿ ನಮ್ಮ ಟೆಕ್ನೀಷಿಯನ್ನು ರಕ್ತ ತೆಗೆದು, ಪರೀಕ್ಷೆ ಮಾಡಿ, ಬಂದದ್ದನ್ನು ಉದ್ದನೆಯ ರಿಜಿಸ್ಟರಿನಲ್ಲಿ ನೀಲಿ ಪೆನ್ನಿನಿಂದ ಬರೆದಿಡುತ್ತಾರೆ. ಹೊರಗಿನದರಲ್ಲಿ ನಾನು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕಾಯುವವರಿಗೆ ಆರು ಕುರ್ಚಿ. ರಿಜಿಸ್ಟರು ನೋಡಿ ನಾನು ಟೈಪ್ ಮಾಡುತ್ತೇನೆ, ಅವರು ಸೈನು ಹಾಕುತ್ತಾರೆ, ಜನ ತೆಗೆದುಕೊಂಡು ಹೋಗುತ್ತಾರೆ. ಕೆಲಸ ಇಷ್ಟೇ.

ಇದಕ್ಕೆ ಮೊದಲು ಮಂಡ್ಯದಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಮದುವೆ ಕಾಗದ, ತಿಥಿ ಕಾರ್ಡು, ಕರಪತ್ರ. ಕಂಪ್ಯೂಟರಿನ ಭಯ ನನಗೆ ಹಿಡಿದದ್ದು ಅಲ್ಲಿಯೇ. ಸೇರಿದ ಎರಡನೇ ವಾರ, ತೆರೆಯ ಮೇಲೆ ಚಿತ್ರಗಳನ್ನು ಸಾಲಾಗಿ ಜೋಡಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಕುತೂಹಲಕ್ಕೆ ಒತ್ತಿದೆ. ಒತ್ತಿದ್ದೇ ತಡ, ತೆರೆಯ ಮೇಲಿದ್ದದ್ದೆಲ್ಲ ಮಾಯ. ಖಾಲಿ ನೀಲಿ. ಇಡೀ ಅಂಗಡಿಯ ಕೆಲಸ ಅಳಿಸಿಹೋಯಿತು ಎಂದುಕೊಂಡು ನಾನು ಕುರ್ಚಿಯಿಂದ ಏಳಲೂ ಆಗದೆ ಕೂತಿದ್ದೆ. ನಾನು ಬಸರಾಳಿನಿಂದ ದಿನಾ ಬಂದು ಹೋಗಿ ಮಾಡುತ್ತಿದ್ದ ಹುಡುಗಿ, ಮನೆಗೆ ಏನು ಹೇಳಲಿ ಎಂಬುದೇ ತಲೆಯಲ್ಲಿ. ಮಾಲೀಕರು ಬಂದು ಎರಡು ಸಲ ಒತ್ತಿದರು, ಎಲ್ಲ ಮರಳಿ ಬಂತು. "ಎಲ್ಲೂ ಓಗಿರ್ನಿಲ್ಲ ಕಣಮ್ಮ, ಬಚ್ಚಿಟ್ಕೊಂಡಿದ್ವು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆದರೂ ಆ ಪುಟ್ಟ ಪ್ರೋಗ್ರಾಂಗಳ ಮೇಲೆ ನನಗೆ ಅದೇನೋ ಆಸೆ ಹುಟ್ಟಿತು. ದೊಡ್ಡ ಪ್ರೋಗ್ರಾಂಗಳನ್ನು ಮಾಲೀಕರು ಹಾಕಿಕೊಡುತ್ತಿದ್ದರು, ಕೆಟ್ಟರೆ ಅವರೇ ಸರಿಮಾಡುತ್ತಿದ್ದರು. ಸಣ್ಣವು ನನ್ನವು. ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮದ್ದೂರಿಗೂ ತಂದೆ. ತೆರೆಯ ಮೇಲೆ ಹಳದಿ ಚೀಟಿ ಅಂಟಿಸುವುದು ಒಂದು. ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಂದು. ಕನ್ನಡ ಕೀಲಿಮಣೆಯದೊಂದು, ಅದರ ಮೂಲೆಯ ಗುರುತು ಬಣ್ಣ ಬದಲಿಸಿದ್ದನ್ನು ನೋಡದೆ ಹೋದರೆ ರೋಗಿಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತಿತ್ತು. ಗಂಟೆಗೊಮ್ಮೆ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಸಮಯ ಹೇಳುವ ಗಡಿಯಾರ ಒಂದಿತ್ತು. ಒಂದು ದಿನ ಟೆಕ್ನೀಷಿಯನ್ನು ಹೊಳಲಿನ ಕಡೆಯ ಒಬ್ಬ ಮುದುಕಪ್ಪನ ತೋಳಿಗೆ ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ ಅದು ಬಾಯಿಬಿಟ್ಟಿತು. ಮುದುಕಪ್ಪ ಬೆಚ್ಚಿ ಕೈ ಎಳೆದುಕೊಂಡ. ಸೂಜಿ ಅಡ್ಡ ಹೋಗಿ ತೋಳು ಕಪ್ಪಾಗಿ ಊದಿತು. ಅಂದೇ ಆ ಗಡಿಯಾರ ತೆಗೆದುಹಾಕಿದೆ. ಉಳಿದವನ್ನೂ ತೆಗೆಯಬೇಕು ಎಂದು ಅವತ್ತೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವುಗಳಲ್ಲೆಲ್ಲ ನನಗೆ ಇಷ್ಟವಾದದ್ದು ಒಂದು. ನಾವು ಕಾಪಿ ಮಾಡಿದ ಪದಗಳನ್ನೆಲ್ಲ ಅದು ಒಂದು ಪಟ್ಟಿಯಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಿತ್ತು. ಒಂದು ಗುಂಡಿಯ ಜೊತೆ ಸಾಲಿನ ಅಂಕಿ ಒತ್ತಿದರೆ ಆ ಸಾಲಿನ ಪದ ತಾನಾಗಿ ಬಂದು ಕೂರುತ್ತಿತ್ತು. ನಾನು ರಕ್ತದ ಗುಂಪುಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದೆ. ಒಂದು ಒತ್ತಿದರೆ ಎ ಪಾಸಿಟಿವ್, ಎರಡು ಎ ನೆಗೆಟಿವ್, ಮೂರು ಬಿ ಪಾಸಿಟಿವ್, ನಾಲ್ಕು ಬಿ ನೆಗೆಟಿವ್, ಐದು ಓ ಪಾಸಿಟಿವ್, ಆರು ಓ ನೆಗೆಟಿವ್, ಕೊನೆಯಲ್ಲಿ ಎಬಿಯ ಎರಡು. ಹೊಸದಾಗಿ ಏನನ್ನಾದರೂ ಕಾಪಿ ಮಾಡಿದರೆ ಅದು ಮೇಲೆ ಬಂದು ಉಳಿದವನ್ನು ಕೆಳಗೆ ತಳ್ಳಬಾರದೆಂದು ಪ್ರತಿ ಸಾಲಿಗೂ ಮೊಳೆಯಂಥ ಒಂದು ಗುರುತು ಹೊಡೆದು ಅಲುಗಾಡದಂತೆ ಮಾಡಿದ್ದೆ. ಎಷ್ಟು ಅಭ್ಯಾಸವಾಯಿತೆಂದರೆ ನನ್ನ ಕಣ್ಣು ರಿಜಿಸ್ಟರಿನ ಮೇಲೆ, ಬೆರಳು ಅಂಕಿಯ ಮೇಲೆ. ತೆರೆ ನೋಡುವುದನ್ನೇ ಬಿಟ್ಟೆ. "ಏನಮ್ಮ ನಿನ್ ಕೈಯಾಗೆ ಮಿಸೀನ್ ಅದಾ?" ಎಂದು ಟೆಕ್ನೀಷಿಯನ್ನು ಹೇಳಿದಾಗ ಹಿಗ್ಗಿದ್ದೆ.

ಕಬ್ಬು ಕಡಿಯುವ ಕಾಲ. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿ ಎರಡು ರಿಪೋರ್ಟ್ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ತಿಂಗಳಾಗಿತ್ತು, ಕಂಪ್ಯೂಟರ್ ಪಟ್ಟನೆ ಆರಿತು. ಕಾಲು ಗಂಟೆಗೆ ಕರೆಂಟು ಬಂತು. ಮತ್ತೆ ಹಾಕಿದಾಗ ತೆರೆಯ ನಡುವೆ ಒಂದು ಚೌಕ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಓದಲಿಲ್ಲ. ಇಂಥ ಚೌಕಗಳು ದಿನಕ್ಕೆ ಹತ್ತು ಬರುತ್ತವೆ. ಓಕೆ ಒತ್ತಿದೆ.

ಅಷ್ಟರಲ್ಲಿ ಟೆಕ್ನೀಷಿಯನ್ನು ಒಳಗಿನಿಂದಲೇ, "ಭಾನ್ವಾರ ಮಧ್ಯಾನ್ದಿಂದ ರಜ ಅಂತ ಒಂದ್ ಬೋರ್ಡ್ ಒಡ್ದ್ ಅಂಟಿಸ್ಬುಡಮ್ಮ" ಎಂದು ಕೂಗಿದರು. ಹೋದ ತಿಂಗಳ ಬೋರ್ಡು ಕಂಪ್ಯೂಟರಿನಲ್ಲೇ ಇತ್ತು. ಅದರ ಸಾಲನ್ನು ಕಾಪಿ ಮಾಡಿ, ಹೊಸ ಹಾಳೆಗೆ ಹಾಕಿ, ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ.

ಒಂಬತ್ತರ ಸುಮಾರಿಗೆ ಅತ್ತೆ ಸೊಸೆ ಬಂದರು. ಅತ್ತೆಗೆ ಅರವತ್ತರ ಹತ್ತಿರ, ಗಟ್ಟಿ ದನಿ. ಸೊಸೆ ಏಳು ತಿಂಗಳ ಬಸುರಿ, ಮುಖದಲ್ಲಿ ರಕ್ತವೇ ಇಲ್ಲದಂತೆ ಬಿಳುಚಿಕೊಂಡಿದ್ದಳು. ಮಳವಳ್ಳಿಯ ಆಚೆಯ ಊರಿನವರು. ಮದ್ದೂರಿಗೆ ಕೊಟ್ಟ ಮಗಳ ಮನೆಗೆ ಬಂದವರು, ಮಳವಳ್ಳಿಯ ಡಾಕ್ಟರು ಹಿಂದಿನ ದಿನ ಬರೆದುಕೊಟ್ಟ ಪರೀಕ್ಷೆಯನ್ನು ಇಲ್ಲೇ ಮಾಡಿಸಿಕೊಂಡು ಹೋಗೋಣ ಎಂದು ನಮ್ಮಲ್ಲಿಗೆ ಬಂದಿದ್ದರು. ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು.

"ಇವ್ಳು ನಿಂತ್ರೆ ಬೀಳ್ತಾಳೆ ಕಣವ್ವಾ. ಬ್ಯಾಗ ಮಾಡ್ಕೊಡಿ. ಮಧ್ಯಾನ್ದೊಳ್ಗೆ ಡಾಕ್ಟ್ರ ತಾವ್ಕೆ ಓಗ್ಬೇಕು" ಎಂದರು ಅತ್ತೆ.

ಒಂದು ಗಂಟೆಯಲ್ಲಿ ರಿಪೋರ್ಟ್ ಕೊಟ್ಟೆ. ಹಿಮೋಗ್ಲೋಬಿನ್ ತೀರ ಕಡಿಮೆ. ಗುಂಪು, ರಿಜಿಸ್ಟರಿನಲ್ಲಿ ಓ ನೆಗೆಟಿವ್ ಎಂದಿತ್ತು, ಆರು ಒತ್ತಿದೆ. ಟೆಕ್ನೀಷಿಯನ್ನು ಇನ್ನೊಬ್ಬರ ತೋಳಿಗೆ ರಬ್ಬರ್ ಕಟ್ಟುತ್ತಲೇ ಒಂದು ಕೈಯಲ್ಲಿ ಸೈನು ಹಾಕಿದರು. ಅತ್ತೆ ಅದನ್ನು ಮಡಚಿ ಸೆರಗಿನ ಒಳಗಿನ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಸೊಸೆಯ ರಟ್ಟೆ ಹಿಡಿದು ಹೊರಟರು.

ಹನ್ನೊಂದು ಗಂಟೆಗೆ ಶಾಲೆಯ ವ್ಯಾನು ಓಡಿಸುವ ಒಬ್ಬರು ತಮ್ಮ ರಿಪೋರ್ಟ್ ತೆಗೆದುಕೊಳ್ಳಲು ಬಂದರು. ಅವರೂ ಬೆಳಿಗ್ಗೆ ರಕ್ತ ಕೊಟ್ಟು ಹೋಗಿದ್ದವರು. ಶಾಲೆಯವರು ಗುರುತಿನ ಚೀಟಿಗೆ ರಕ್ತದ ಗುಂಪಿನ ಕಾಗದ ಕೇಳಿದ್ದರಂತೆ. ಕಾಗದ ನೋಡಿ ನಕ್ಕರು.

"ಏನ್ರವ್ವಾ, ವರ್ಸಕ್ಕೆರಡು ಸಲ ರಕ್ತ ಕೊಡೋನು ನಾನು. ನಂದು ಬಿ ಪಾಸಿಟಿವ್. ಇದ್ರಲ್ಲಿ ಎ ನೆಗೆಟಿವ್ ಅಂತ ಒಡ್ದಿದೀರಲ್ಲ?"

ರಿಜಿಸ್ಟರು ತೆರೆದೆ. ನೀಲಿ ಪೆನ್ನಿನಲ್ಲಿ ಸ್ಪಷ್ಟವಾಗಿ ಬಿ ಪಾಸಿಟಿವ್. ಮೂರು ಒತ್ತಬೇಕಿತ್ತು, ಎರಡು ಒತ್ತಿರಬೇಕು ಎಂದುಕೊಂಡು ಅವರ ಕಾಗದವನ್ನು ಮತ್ತೆ ತೆರೆದು, ಈ ಸಲ ತೆರೆ ನೋಡುತ್ತಾ ಮೂರು ಒತ್ತಿದೆ. ಎ ನೆಗೆಟಿವ್ ಬಂತು. ಇನ್ನೊಂದು ಸಲ ಒತ್ತಿದೆ. ಎ ನೆಗೆಟಿವ್.

ಪಟ್ಟಿಯನ್ನು ಬಿಚ್ಚಿ ನೋಡಿದೆ. ಮೊಳೆಯ ಗುರುತು ಒಂದು ಸಾಲಿಗೂ ಇರಲಿಲ್ಲ. ಎಲ್ಲಕ್ಕಿಂತ ಮೇಲೆ, ಒಂದನೆಯ ಸಾಲಿನಲ್ಲಿ, "ಭಾನುವಾರ ಮಧ್ಯಾಹ್ನದಿಂದ ರಜೆ" ಎಂದಿತ್ತು. ಉಳಿದ ಎಲ್ಲವೂ ಒಂದೊಂದು ಸಾಲು ಕೆಳಗೆ ಸರಿದಿದ್ದವು. ಬೆಳಿಗ್ಗೆ ನಾನು ಓದದೆ ಓಕೆ ಒತ್ತಿದ ಚೌಕ ಹೇಳಿದ್ದು ಅದನ್ನೇ ಇರಬೇಕು, ಕರೆಂಟು ಹೋದಾಗ ಗುರುತುಗಳು ಅಳಿಸಿಹೋದವು ಎಂದು.

ವ್ಯಾನಿನವರಿಗೆ ಅಕ್ಷರ ಅಕ್ಷರ ಟೈಪ್ ಮಾಡಿ ಸರಿಯಾದ ಕಾಗದ ಕೊಟ್ಟೆ. "ಆಯ್ತದೆ ಬುಡಿ, ಮನ್ಸ ಅಂದ್ಮ್ಯಾಲೆ" ಎನ್ನುತ್ತಾ ಹೋದರು. ಅವರು ಮೆಟ್ಟಿಲಿಳಿಯುವುದನ್ನು ನೋಡುತ್ತಲೇ ನನಗೆ ಆರು ನೆನಪಾಯಿತು. ಆರರ ಜಾಗಕ್ಕೆ ಐದು ಬಂದಿರುತ್ತದೆ. ಐದು ಎಂದರೆ ಓ ಪಾಸಿಟಿವ್.

ಆ ಸೊಸೆಯ ಫೈಲು ಹುಡುಕುತ್ತಾ ಎರಡು ಸಲ ಬೇರೆಯವರದು ತೆರೆದೆ. ಓ ಪಾಸಿಟಿವ್ ಎಂದೇ ಇತ್ತು. ವ್ಯಾನಿನವರದು ನೋಡಿದ ಕೂಡಲೇ ತಪ್ಪೆಂದು ತಿಳಿಯುವ ತಪ್ಪು. ಇದು ನೋಡಿದರೆ ನಿಜ ಎನಿಸುವಂಥದ್ದು. ಆ ಹುಡುಗಿಗೆ ರಕ್ತ ಕಡಿಮೆ. ಡಾಕ್ಟರು ರಕ್ತ ಕೊಡಿಸಲಿಕ್ಕೇ ಗುಂಪು ಕೇಳಿರುತ್ತಾರೆ. ನೆಗೆಟಿವ್ ತಾಯಿಗೆ ಪಾಸಿಟಿವ್ ರಕ್ತ ಹೋದರೆ ಏನಾಗುತ್ತದೆ ಎಂದು ಒಂಬತ್ತು ವರ್ಷ ಲ್ಯಾಬಿನಲ್ಲಿ ಕೂತ ನನಗೆ ಅಷ್ಟಿಷ್ಟು ಗೊತ್ತಿತ್ತು. ಪೂರ್ತಿ ಗೊತ್ತಿಲ್ಲದೆ ಅಷ್ಟಿಷ್ಟು ಗೊತ್ತಿದ್ದದ್ದರಿಂದಲೇ ಭಯ ಹೆಚ್ಚಾಯಿತು.

ಬೆಳಿಗ್ಗೆಯ ಮಿಕ್ಕ ರಿಪೋರ್ಟುಗಳನ್ನೆಲ್ಲ ರಿಜಿಸ್ಟರಿಗೆ ತಾಳೆ ಹಾಕಿದೆ. ಎಲ್ಲ ಸಕ್ಕರೆ, ಥೈರಾಯ್ಡು, ಜ್ವರದವು. ಅಂಕಿಗಳನ್ನು ನಾನು ಕೈಯಲ್ಲೇ ಹೊಡೆಯುತ್ತಿದ್ದೆ, ಅವು ಸರಿಯಿದ್ದವು. ತಪ್ಪಿದ್ದು ಎರಡೇ.

ಇದರ ನಂತರದ ಹತ್ತು ನಿಮಿಷವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಾನು ಯಾರಿಗೂ ಏನೂ ಹೇಳಲಿಲ್ಲ. ಆಸ್ಪತ್ರೆಯವರು ಇನ್ನೊಂದು ಸಲ ಪರೀಕ್ಷೆ ಮಾಡದೆ ರಕ್ತ ಕೊಡುತ್ತಾರೆಯೇ ಎಂದುಕೊಂಡೆ. ಆಮೇಲೆ ಕಂಪ್ಯೂಟರಿನಲ್ಲಿದ್ದ ಫೈಲಿನಲ್ಲಿ ಪಾಸಿಟಿವ್ ಅಳಿಸಿ ನೆಗೆಟಿವ್ ಮಾಡಿ ಸೇವ್ ಮಾಡಿದೆ. ಯಾರಾದರೂ ಬಂದು ಕೇಳಿದರೆ ನಮ್ಮಲ್ಲಿ ಸರಿಯಾಗಿಯೇ ಇದೆ ಎನ್ನಬಹುದು. ಹಾಗೆ ಮಾಡಿ ಕೈ ತೆಗೆದ ಮೇಲೆ ಇನ್ನೊಂದು ಹೊಳೆಯಿತು. ಆ ಹುಡುಗಿಗೆ ಏನಾದರೂ ಆದರೆ ಅವರ ಕೈಯಲ್ಲಿರುವ ಕಾಗದ ಒಂದು ಹೇಳುತ್ತದೆ, ನಮ್ಮ ಕಂಪ್ಯೂಟರು ಒಂದು ಹೇಳುತ್ತದೆ, ಯಾವುದು ಯಾಕೆ ಹಾಗಾಯಿತೆಂದು ಗೊತ್ತಿರುವವಳು ನಾನೊಬ್ಬಳೇ. ಜೀವಮಾನವಿಡೀ ಒಬ್ಬಳೇ.

ಎದ್ದು ಒಳಗೆ ಹೋಗಿ ಟೆಕ್ನೀಷಿಯನ್ನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಸೈನು ನಂದು ಕಣಮ್ಮ. ಓದ್ದಲೆ ಹಾಕ್ದೆ" ಎಂದರು. ಅವರ ಮುಖ ಬೆವರಿತ್ತು.

"ಅಲ್ಲಿ ಇನ್ನೊಂದು ಸಲ ನೋಡಲ್ವಾ ಸಾರ್?"

"ನೋಡೇ ನೋಡ್ತಾರೆ. ಬ್ಲಡ್ ಬ್ಯಾಂಕಲ್ಲಿ ತಾಳೆ ನೋಡ್ದೆ ಬಾಟ್ಲಿ ಕೊಡಕಿಲ್ಲ. ಆದ್ರೆ ರಕ್ತನೇ ಬ್ಯಾಡ, ಬರೀ ಮಾತ್ರೆ ಸಾಕು ಅಂದು ಡಾಕ್ಟ್ರು ಕಳಿಸ್ಬುಟ್ರೆ? ನಮ್ ಕಾಗ್ದ ನಂಬ್ಕೊಂಡು ಆ ಇಂಜೆಕ್ಷನ್ನೇ ಕೊಡ್ದೆ ಓದ್ರೆ?"

ನೆಗೆಟಿವ್ ತಾಯಂದಿರಿಗೆ ಏಳನೇ ತಿಂಗಳಲ್ಲಿ ಒಂದು ಇಂಜೆಕ್ಷನ್ ಕೊಡುತ್ತಾರೆ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ಮುಂದಿನ ಮಕ್ಕಳಿಗೆ ತೊಂದರೆಯಾಗದಿರಲೆಂದು. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ರಿಜಿಸ್ಟರಿನಲ್ಲಿದ್ದ ಅತ್ತೆಯ ನಂಬರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಅವರು ನಮ್ಮಲ್ಲೇ ಬಿಟ್ಟುಹೋಗಿದ್ದ ಡಾಕ್ಟರ ಚೀಟಿಯ ಮೇಲಿನ ನಂಬರಿಗೆ ಟೆಕ್ನೀಷಿಯನ್ನು ಮಾಡಿದರು. ರಿಂಗೇ ಆಗಲಿಲ್ಲ.

"ನೀ ಓಗು. ಒಳ್ಗೆ ಸೂಜಿಗೆ ನಾಕ್ ಜನ ಕಾಯ್ತಾವ್ರೆ, ನಾ ಬರಕ್ಕಾಗಕಿಲ್ಲ. ಸರಿ ರಿಪೋರ್ಟ್ ಒಡ್ಕೋ, ನಾ ಓದಿ ಸೈನ್ ಹಾಕ್ತೀನಿ. ಮಳವಳ್ಳಿ ಬಸ್ ಸಿಕ್ತದೆ, ಓಡು."

ಮಳವಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಸರಿ ರಿಪೋರ್ಟನ್ನು ಎಷ್ಟು ಸಲ ಓದಿದೆನೋ. ಓ ನೆಗೆಟಿವ್. ಓ ನೆಗೆಟಿವ್. ಓದಿದಷ್ಟೂ ಅದೂ ತಪ್ಪಿರಬಹುದು ಎನಿಸತೊಡಗಿತು. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆ ತುಂಬ ನಿಂತಿತ್ತು. ಡ್ರೈವರು ಇಂಜಿನ್ ಆರಿಸಿದ. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವಾ, ಮೈಗ್ ಉಸಾರಿಲ್ವಾ?" ಎಂದು ಕೇಳಿದಳು. ಇಲ್ಲ, ಚೆನ್ನಾಗಿದ್ದೀನಿ ಎಂದೆ. ಮತ್ತೆ ಫೋನು ಹಚ್ಚಿದೆ. ಸ್ವಿಚ್ ಆಫ್. ಫೋನಿನೊಳಗಿನ ಅದೇ ಹೆಂಗಸಿನ ದನಿ, ಅದೇ ಮಾತು. ಆ ಹುಡುಗಿಯ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಹೆಸರು, ವಯಸ್ಸು ಕೇಳಿ ಟೈಪ್ ಮಾಡಿದ್ದೆ. ಮುಖ ನೋಡಿರಲಿಲ್ಲ, ಬಿಳುಪು ಮಾತ್ರ ನೆನಪಿತ್ತು.

ಮಳವಳ್ಳಿಯಲ್ಲಿ ಇಳಿದು ಚೀಟಿಯ ವಿಳಾಸ ಹಿಡಿದು ಅರ್ಧ ಓಡುತ್ತಲೇ ಹೋದೆ. ಡಾಕ್ಟರ ಕೋಣೆಗೆ ಬೀಗ. ಚೀಟಿ ಬರೆಯುವ ಹೆಂಗಸು ಮಾತ್ರ ಮೇಜಿನ ಹಿಂದೆ ಡಬ್ಬಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದಳು.

"ಬಿಳುಚ್ಕೊಂಡಿದ್ಲಲ್ಲ, ಬಸ್ರಿ ಎಂಗ್ಸು? ಬಂದಿದ್ರು. ಡಾಕ್ಟ್ರು ಕಾಗ್ದ ನೋಡ್ದೇಟ್ಗೆ ಮಂಡ್ಯ ದೊಡ್ಡಾಸ್ಪತ್ರೆಗೆ ಬರ್ಕೊಟ್ರು. ರಕ್ತ ಏರಿಸ್ಬೇಕು ಅಂತ. ಕಾರ್ ಮಾಡ್ಕೊಂಡ್ ಓದ್ರು."

"ಎಷ್ಟೊತ್ತಾಯ್ತು?"

"ಒಂದೂವರೆ ಗಂಟೆ ಆಗಿರ್ಬೋದು. ಯಾಕೆ, ಏನಾಯ್ತು?"

ಹೊರಗೆ ಬಂದು ಟೆಕ್ನೀಷಿಯನ್ನಿಗೆ ಫೋನು ಮಾಡಿದೆ. "ನಾನೂ ಮಂಡ್ಯ ಆಸ್ಪತ್ರೆಗೆ ಫೋನ್ ಅಚ್ತಾ ಇರ್ತೀನಿ. ನೀ ನಿಲ್ಬ್ಯಾಡ" ಎಂದರು.

ಮಂಡ್ಯದ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತೆ. ಈಗ ರಕ್ತ ಏರುತ್ತಿರಬಹುದು, ಈಗ ಏರುತ್ತಿರಬಹುದು ಎಂದು ಪ್ರತಿ ಸ್ಟಾಪಿನಲ್ಲೂ ಅನಿಸುತ್ತಿತ್ತು. ಯಾರೋ ಇಳಿಯುವವರು ಚೀಲ ಎತ್ತಿಕೊಳ್ಳಲು ತಡ ಮಾಡಿದರೆ ಅವರ ಮೇಲೆ ಕಿರುಚುವಷ್ಟು ಕೋಪ ಬರುತ್ತಿತ್ತು. ಪೊಲೀಸರು ಬರುತ್ತಾರೆ ಎಂಬ ಯೋಚನೆಯೂ ಬಂತು. ಮನೆಯವರ ಮುಂದೆ, ಓಣಿಯವರ ಮುಂದೆ. ಅದು ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವೂ ಆಯಿತು.

ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಹೊರಗೆ, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ಅತ್ತೆ ಸಿಕ್ಕರು. ಬೆಳಿಗ್ಗೆಯ ಗಟ್ಟಿ ದನಿಯ ಹೆಂಗಸು ಇವರೇನಾ ಎನ್ನುವಷ್ಟು ಕುಗ್ಗಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು.

"ನೀನು ಮದ್ದೂರ್ನಲ್ಲಿ ಎಸ್ರು ಬರ್ಕೊಂಡೋಳು ಅಲ್ವಾ? ನೀನ್ಯಾಕವ್ವ ಇಲ್ಲಿ?"

"ನಿಮ್ ಸೊಸೆ ಎಲ್ಲಮ್ಮ? ರಕ್ತ ಕೊಟ್ರಾ?"

"ಎಲ್ಲಿ ಕೊಟ್ರು? ಅವ್ಳ ರಕ್ತ ತಿರುಗ್ಬುಟ್ಟದೆ ಕಣವ್ವಾ." ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬೆಳಗ್ಗೆ ನಿಮ್ತಾವ ಒಂದಿತ್ತು. ಇಲ್ಲಿಗ್ ಬರೋ ಒತ್ಗೆ ಇನ್ನೊಂದಾಗದೆ. ರಕ್ತ ಕೊಡೋ ಕಿಟಕೀತವ ಇದ್ದೋನು, ಮದ್ದೂರ್ ಕಾಗ್ದದಾಗೆ ಇರೋದೇ ಬ್ಯಾರೆ, ಇಲ್ಲಿ ಬತ್ತಾ ಇರೋದೇ ಬ್ಯಾರೆ, ತಿರ್ಗಾ ರಕ್ತ ತರ್ಸಿ ಅಂದ. ತಿರ್ಗಾ ತಗುದ್ರು. ಎಲ್ಡ್ ಗಂಟೆ ಆಯ್ತು. ಮನ್ಸಂಗೆ ರಕ್ತ ತಿರುಗಿದ್ರೆ ಉಳ್ದಾರಾ? ಒಟ್ಟೇಲಿರೋ ಮೊಗ ಉಳ್ದಾತಾ?"

ನನಗೆ ಮೊದಲು ಬಂದದ್ದು ಸಮಾಧಾನ. ಇನ್ನೂ ಕೊಟ್ಟಿಲ್ಲ. ಪರೀಕ್ಷೆಯಲ್ಲಿ ಸರಿಯಾದದ್ದೇ ಬಂದಿದೆ. ಅದರ ಬೆನ್ನಿಗೇ ಅವರ ಮಾತಿನ ಅರ್ಥ ನನಗೆ ತಾಕಿತು. ಸೊಸೆಯ ಮೈಯೊಳಗೆ ಏನೋ ಕೆಡುಕು ನಡೆಯುತ್ತಿದೆ ಎಂದು ನಂಬಿಕೊಂಡು ಇವರು ಎರಡು ಗಂಟೆಯಿಂದ ಈ ನೆಲದ ಮೇಲೆ ಕೂತಿದ್ದಾರೆ.

ನಾನೂ ಅವರ ಎದುರಿಗೆ ನೆಲದ ಮೇಲೆಯೇ ಕೂತೆ. "ರಕ್ತ ತಿರುಗಿಲ್ಲ ಕಣಮ್ಮ. ರಕ್ತ ಯಾವತ್ತೂ ಹಂಗೆ ತಿರುಗಲ್ಲ. ತಪ್ಪು ನಂದು. ನಿಮ್ ಸೊಸೆದು ಮೊದಲಿಂದ್ಲೂ ನೆಗೆಟಿವ್ವೇ. ನಾನು ಕಂಪ್ಯೂಟರಲ್ಲಿ ನೋಡ್ದೆ ಒತ್ತಿದ್ದಕ್ಕೆ ಪಾಸಿಟಿವ್ ಅಂತ ಬಿದ್ದುಬಿಡ್ತು. ಅದನ್ನ ಹೇಳಕ್ಕೇ ಬೆಳಗ್ಗಿಂದ ನಿಮ್ಮ ಹಿಂದೆ ಬಂದೆ."

ಅವರು ನನ್ನ ಕೈಯಲ್ಲಿದ್ದ ಹೊಸ ಕಾಗದ ತೆಗೆದುಕೊಂಡು, ಓದಲು ಬಾರದಿದ್ದರೂ, ಹಳೆಯ ಕಾಗದದ ಪಕ್ಕ ಇಟ್ಟು ನೋಡಿದರು.

"ಒಂದ್ ಮಾತು" ಎಂದರು. "ಒಂದ್ ಮಾತ್ಗೆ ಬೆಳಗ್ನಿಂದ ನನ್ ಜೀವ ತಗುದ್ಯಲ್ಲೇ ನೀನು."

ನಾನು ತಲೆ ತಗ್ಗಿಸಿದೆ. ಹೊಡೆದರೂ ಹೊಡೆಸಿಕೊಳ್ಳುತ್ತಿದ್ದೆ.

"ಏಳು ಮ್ಯಾಕೆ. ಅವ್ಳ್ ಮುಂದೆ ಬಂದು ಯೋಳು. ನಾ ಯೋಳುದ್ರೆ ನಂಬಾಕಿಲ್ಲ, ಸಮಾಧಾನಕ್ಕೆ ಅಂತಾವ್ಳೆ ಅನ್ಕತಾಳೆ."

ಆ ಹುಡುಗಿ ಎಡಕ್ಕೆ ಮಗ್ಗುಲಾಗಿ ಮಲಗಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ. ಅತ್ತಿರಲಿಲ್ಲ. ಕಣ್ಣು ಒಣಗಿದ್ದವು, ಯಾವುದನ್ನೂ ನೋಡುತ್ತಿರಲಿಲ್ಲ. ಅವಳ ಮುಖವನ್ನು ಆಗ ನಾನು ಸರಿಯಾಗಿ ನೋಡಿದೆ. ಇಪ್ಪತ್ತೆರಡು ಎಂದು ನಾನೇ ಟೈಪ್ ಮಾಡಿದ್ದೆ. ನೋಡಿದರೆ ಅಷ್ಟೂ ಕಾಣುತ್ತಿರಲಿಲ್ಲ. ಹೊರಗೆ ಹೇಳಿದ್ದನ್ನೇ ಹೇಳಿದೆ.

"ಅಂಗಾದ್ರೆ ನಂದು ಇದೇನಾ? ಮೊದ್ಲಿಂದ್ಲೂ?" ಎಂದಳು.

"ಹುಟ್ಟಿದಾಗಿಂದ್ಲೂ ಇದೇ."

"ಮೊಗೀಗೆ?"

"ನಾನು ಡಾಕ್ಟರಲ್ಲಮ್ಮ. ಅದಕ್ಕೊಂದು ಇಂಜೆಕ್ಷನ್ ಇದೆ ಅಂತ ಗೊತ್ತು. ಡಾಕ್ಟ್ರೇ ನಿಮಗೆ ಸರಿಯಾಗಿ ಹೇಳ್ತಾರೆ."

ಆಗ ಅವಳು ಅತ್ತಳು. ಶಬ್ದವಿಲ್ಲದೆ, ಮಂಚದ ಕಂಬಿಯನ್ನು ಹಿಡಿದುಕೊಂಡು ಅತ್ತಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಬುಡು, ಬುಡು, ಏನೂ ಆಗಿಲ್ವಂತಲ್ಲ" ಎನ್ನುತ್ತಾ ತಾವೂ ಅಳತೊಡಗಿದರು. ನಾನು ಅಲ್ಲಿ ನಿಲ್ಲಬೇಕೋ ಹೋಗಬೇಕೋ ಗೊತ್ತಾಗದೆ ನಿಂತಿದ್ದೆ.

ಟೆಕ್ನೀಷಿಯನ್ನಿನ ಫೋನನ್ನು ಅಲ್ಲಿ ಯಾರೂ ಎತ್ತಿರಲಿಲ್ಲ; ನಾನು ಹೇಳಿದ್ದು ಕೇಳಿದ ನರ್ಸಿನಿಂದ ವಾರ್ಡಿನ ಡಾಕ್ಟರಮ್ಮನಿಗೆ ಅಷ್ಟರಲ್ಲಿ ಸುದ್ದಿ ಹೋಗಿತ್ತು. ಕರೆಸಿದರು. ನಲವತ್ತರ ಒಳಗಿನವರು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ದನಿ ಏರಿಸಲಿಲ್ಲ.

"ಹೊರಗಿನ ಕಾಗದ ನೋಡಿ ನಾವು ಯಾರಿಗೂ ರಕ್ತ ಕೊಡಲ್ಲ. ಅದು ನಿಮ್ಮ ಅದೃಷ್ಟ. ಆದರೆ ಎರಡೂ ಬೇರೆ ಬೇರೆ ಬಂದಾಗ, ಯಾರದೋ ರಕ್ತದ ಜೊತೆ ಅದಲುಬದಲಾಗಿದೆಯಾ ಅಂತ ನಾವು ಮತ್ತೆ ಮೊದಲಿಂದ ಮಾಡಬೇಕಾಯ್ತು. ಎರಡು ಗಂಟೆ ತಡ. ಇವತ್ತು ಪರವಾಗಿಲ್ಲ. ರಕ್ತ ಹೋಗ್ತಾ ಇದ್ದ ಕೇಸಾಗಿದ್ದರೆ?"

ಅವರು ಕೇಸ್ ಶೀಟಿನಲ್ಲಿ ಏನೋ ಬರೆದುಕೊಂಡರು.

"ನಿಮ್ಮ ಲ್ಯಾಬಿನ ಕಂಪ್ಯೂಟರಲ್ಲಿ ಈಗ ಏನಿದೆ? ಪಾಸಿಟಿವ್ವೋ ನೆಗೆಟಿವ್ವೋ?"

ಅವರು ಆ ಪ್ರಶ್ನೆ ಕೇಳಬಾರದಾಗಿತ್ತು ಎನಿಸಿತು. ನೆಗೆಟಿವ್ ಎಂದು ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. "ಪಾಸಿಟಿವ್ ಇತ್ತು ಮೇಡಂ" ಎಂದೆ. "ಗೊತ್ತಾದ ಮೇಲೆ ನಾನು ಯಾರಿಗೂ ಹೇಳದೆ ತಿದ್ದಿಬಿಟ್ಟೆ. ಆಮೇಲೆ ನಮ್ಮ ಟೆಕ್ನೀಷಿಯನ್ನಿಗೆ ಹೇಳಿದ್ದು. ತಿದ್ದಿದ್ದು ಅವರಿಗೂ ಇನ್ನೂ ಗೊತ್ತಿಲ್ಲ."

ಅವರು ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಆಗಿದ್ದನ್ನೆಲ್ಲ ಬರೀರಿ. ಇದನ್ನೂ ಬರೀರಿ. ಫೈಲಿನಲ್ಲಿ ಇಡ್ತೀನಿ."

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಎಷ್ಟೋ ವರ್ಷದ ಮೇಲೆ ಕೈಯಲ್ಲಿ ಅಷ್ಟುದ್ದ ಬರೆದದ್ದು. ಕರೆಂಟು ಹೋದದ್ದು, ಓದದೆ ಓಕೆ ಒತ್ತಿದ್ದು, ಬೋರ್ಡಿನ ಸಾಲು ಕಾಪಿ ಮಾಡಿದ್ದು, ಆರು ಒತ್ತಿದ್ದು, ತಿದ್ದಿದ್ದು. ಪ್ರತಿ ವಾಕ್ಯ ಮುಗಿದಾಗಲೂ ಇದನ್ನು ಮುಂದೆ ಯಾರ ಮುಂದೆ ಓದುತ್ತಾರೋ ಎಂದು ಪೆನ್ನು ನಿಲ್ಲುತ್ತಿತ್ತು. ಕೊನೆಗೆ ಸೈನು ಹಾಕಿ ಕೊಟ್ಟೆ. ಡಾಕ್ಟರಮ್ಮ ಪೂರ್ತಿ ಓದಿದರು. "ಹೋಗಿ. ಊಟ ಮಾಡಿದ ಹಾಗೆ ಕಾಣಲ್ಲ ನೀವು" ಎಂದರು.

ನಾನು ಹೊರಡುವ ಮೊದಲು ರಕ್ತದ ಚೀಲ ತಂದು ಕಂಬಕ್ಕೆ ತೂಗುಹಾಕಿದರು. ಅದರ ಮೇಲಿನ ಚೀಟಿಯನ್ನು ನರ್ಸು ಗಟ್ಟಿಯಾಗಿ ಓದಿದಳು, ಇನ್ನೊಬ್ಬಳು ಕೇಸ್ ಶೀಟ್ ನೋಡಿ ಅದನ್ನೇ ತಿರುಗಿ ಹೇಳಿದಳು. ಓ ನೆಗೆಟಿವ್. ಮೊದಲ ಹನಿಗಳು ಇಳಿಯುವುದನ್ನು ನೋಡಿಯೇ ನಾನು ಬಂದೆ.

ಸಂಜೆ ಮನೆಯಲ್ಲಿ ನಮ್ಮೆಜಮಾನರು, "ಯಾಕೆ ಇಂಗಿದೀಯ?" ಎಂದಾಗ ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಫೈಲು ತಿದ್ದಿದ ವಿಷಯವನ್ನು ಟೆಕ್ನೀಷಿಯನ್ನಿಗೂ ಹೇಳಿದೆ. ಅವರಿಗೆ ಸಿಟ್ಟು ಬಂದದ್ದು ಆಗ. "ತಪ್ ಮಾಡೋದ್ ಬ್ಯಾರೆ, ಮುಚ್ಚೋದ್ ಬ್ಯಾರೆ ಕಣಮ್ಮ" ಎಂದು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಂದೇ ನಾನು ಪಟ್ಟಿ, ಹಳದಿ ಚೀಟಿ, ಭೂತಗನ್ನಡಿ ಎಲ್ಲವನ್ನೂ ಕಂಪ್ಯೂಟರಿನಿಂದ ಒಂದೊಂದಾಗಿ ತೆಗೆದುಹಾಕಿದೆ. ಕನ್ನಡ ಕೀಲಿಮಣೆ ಒಂದನ್ನೇ ಉಳಿಸಿಕೊಂಡೆ. ಪಟ್ಟಿ ತೆಗೆಯುವಾಗ ಒಂದು ಚೌಕ ಬಂದು, ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿತು. ಆ ಸಲ ಪೂರ್ತಿ ಓದಿದೆ.

ಈಗ ಗುಂಪಿನ ರಿಪೋರ್ಟ್ ಇದ್ದರೆ ಟೆಕ್ನೀಷಿಯನ್ನು ರಿಜಿಸ್ಟರು ಹಿಡಿದು ಓದುತ್ತಾರೆ, ನಾನು ಟೈಪ್ ಮಾಡಿ ತಿರುಗಿ ಓದುತ್ತೇನೆ, ಆಮೇಲೆ ಸೈನು. ಕಾಯುವವರು ಗೊಣಗುತ್ತಾರೆ. ನೆಗೆಟಿವ್ ಬಂದ ದಿನ ಕೊಟ್ಟು ಕಳಿಸಿದ ಮೇಲೂ ಫೈಲು ತೆರೆದು ನೋಡುತ್ತೇನೆ. ಕೆಲವೊಮ್ಮೆ ಮನೆಗೆ ಹೋಗುವ ದಾರಿಯಲ್ಲಿ ಅರ್ಧದಿಂದ ವಾಪಸು ಬಂದು ಬೀಗ ತೆಗೆಸಿ ನೋಡಿದ್ದೂ ಇದೆ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆ ಅತ್ತೆಯ ನಂಬರಿನಿಂದ ಫೋನು ಬಂತು. ಆ ದಿನ ಎಷ್ಟೋ ಸಲ ಹಚ್ಚಿದ್ದ ನಂಬರು ಅದು, ಸೇವ್ ಮಾಡದಿದ್ದರೂ ಬಾಯಿಪಾಠವಾಗಿತ್ತು. ಎತ್ತಲು ಧೈರ್ಯ ಬರಲಿಲ್ಲ. ಬಡಿದುಕೊಂಡು ನಿಂತಿತು. ಏನೋ ಆಗಿದೆ, ಅದಕ್ಕೇ ಮಾಡುತ್ತಿದ್ದಾರೆ ಎಂದು ಕುರ್ಚಿಯಲ್ಲಿ ಕೂತೇ ಇದ್ದೆ. ಮತ್ತೆ ಬಂತು. ಎತ್ತಿದೆ.

"ಯಾಕವ್ವ ಎತ್ತಾಕಿಲ್ಲ ನೀನು?" ಅದೇ ಗಟ್ಟಿ ದನಿ. "ಎಣ್ಮೊಗ ಕಣೆ. ಮೂರ್ ದಿನ ಆಯ್ತು. ತಾಯಿ ಮೊಗ ಇಬ್ರೂ ಚೆಂದಾಗವ್ರೆ. ಮೊಗೀದು ಪಾಸಿಟಿವ್ವಂತೆ, ಅದ್ಕೇ ಎರ್ಗೆ ಆದ್ಮ್ಯಾಲೆ ಇನ್ನೊಂದು ಇಂಜೆಕ್ಷನ್ನೂ ಕೊಟ್ರು ಅವ್ಳಿಗೆ. ಯೋಳ್ಬೇಕು ಅನ್ನಿಸ್ತು, ಮಾಡ್ದೆ."

ನಾನು ಏನು ಹೇಳಿದೆನೋ ನೆನಪಿಲ್ಲ. ಟೆಕ್ನೀಷಿಯನ್ನು ಒಳಗಿನಿಂದ ಇಣುಕಿ, ಯಾರೆಂದು ಕೈಸನ್ನೆಯಲ್ಲಿ ಕೇಳಿದರು. ಆ ಕಡೆ ಮಗು ಅಳುವ ಸದ್ದು ಕೇಳಿತು, ಅತ್ತೆ ಯಾರಿಗೋ ಬಿಸಿನೀರು ತರಲು ಕೂಗಿದರು, ಮತ್ತೆ ನನ್ನ ಕಡೆ ತಿರುಗಿ, "ಫೋನ್ ಇಕ್ತೀನಿ ಕಣವ್ವಾ, ಮೊಗೀಗೆ ನೀರ್ ಉಯ್ಬೇಕು" ಎಂದು ಇಟ್ಟರು.